ಅಪ್ಪನ ಕಾಲಿಗೆ ತಕ್ಕ ಹಾಡು

ನಮ್ಮ ಸೋದರತ್ತೆಯ ಪ್ರಕಾರ ನನಗೆ ಹೊಟ್ಟೆ ಬಂದಿರುವುದು ಮುದ್ದೆಯಿಂದಲ್ಲ, ತುಪ್ಪದಿಂದಲ್ಲ, ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಹಗಲೆಲ್ಲ ಕುರ್ಚಿ ಬಿಸಿ ಮಾಡುವುದರಿಂದಲೂ ಅಲ್ಲ. ತಪ್ಪು ಹಾಡಿನಿಂದ! ವಾಕಿಂಗ್ ಹೋಗುವಾಗ ನಾನು ಕಿವಿಗೆ ಸಿಕ್ಕಿಸಿಕೊಳ್ಳುವುದು ಸಿನಿಮಾದ ವಿರಹಗೀತೆಗಳನ್ನಂತೆ. ಅದನ್ನು ಕೇಳಿದ ಮೈ ‘ಪಾಪ, ಇವನಿಗೆ ಹಿಂದಿಲ್ಲ ಮುಂದಿಲ್ಲ’ ಎಂದು ಹೆದರಿಕೊಂಡು, ಕಷ್ಟಕಾಲಕ್ಕಿರಲಿ ಅಂತ ಕೊಬ್ಬನ್ನೆಲ್ಲ ಕೂಡಿಟ್ಟುಕೊಳ್ಳುತ್ತದಂತೆ. ನನ್ನ ಹೆಂಡತಿ ಮಕ್ಕಳು ಎದುರಿಗೇ ಕೂತಿರುವಾಗ ಅತ್ತೆ ಇದನ್ನು ಹೇಳುತ್ತಾಳೆ. ಅವರೂ ಹೌದೌದು ಎಂದು ತಲೆಯಾಡಿಸುತ್ತಾರೆ.

“ನಡಿಯೋಕ್ ಒಂದ್ ಹಾಡು, ಓಡೋಕ್ ಒಂದ್ ಹಾಡು, ಬಗ್ಗೋಕ್ ಒಂದು, ಎದ್ದೇಳೋಕ್ ಒಂದು ಅಂತ ಐತೆ ಕಣ್ಲಾ. ಎಲ್ಲದಕ್ಕೂ ಒಂದ್ನೇ ಹಾಕ್ಕಂಡ್ರೆ ಮುದ್ದೆಗೂ ಪಾಯ್ಸಕ್ಕೂ ಒಂದೇ ಸಾರು ಹುಯ್ಕಂಡಂಗೆ.”

ಇಷ್ಟು ಕೇಳಿ ಅತ್ತೆ ಸಂಗೀತ ಕಲಿತವಳೋ, ಕಸರತ್ತು ಕಲಿಸುವವಳೋ ಅಂದುಕೊಳ್ಳಬೇಡಿ. ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ಟೀಚರಾಗಿದ್ದು ರಿಟೈರಾದವಳು. ಹಾಡು ಹೇಳದಿದ್ದರೆ ಮಕ್ಕಳು ಕೈ ಮೇಲೆತ್ತುವುದಿಲ್ಲ, ಹಾಡು ತಪ್ಪಿದರೆ ಎತ್ತಿದ ಕೈಯನ್ನು ಪಕ್ಕದವನ ತಲೆ ಮೇಲೆ ಇಳಿಸುತ್ತವೆ ಎಂಬುದು ಅವಳ ಸರ್ವಿಸ್ಸಿನ ಸಾರ. “ದೊಡ್ಡೋರೂ ಅಷ್ಟೇಯ. ಮೀಸೆ ಬಂದಿರ್ತದೆ, ಬುದ್ಧಿ ಅಲ್ಲೇ ಇರ್ತದೆ” ಅನ್ನುತ್ತಾಳೆ. ಮಾವ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅತ್ತೆ ತುಮಕೂರಿಗೆ ಬಂದು ನಮ್ಮ ಹಿಂದಿನ ಕ್ರಾಸಿನಲ್ಲಿ ಮನೆ ಮಾಡಿದಳು. ತೆಂಗಿನಕಾಯಿ ಗಾತ್ರದ ಒಂದು ಸ್ಪೀಕರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು, ಬೆಳಗ್ಗೆ ಅಮಾನಿಕೆರೆಯ ದಾರಿ ಹಿಡಿದಳೆಂದರೆ ಹಿಂದೆ ಬೀದಿಯ ಹೆಂಗಸರ ಒಂದು ದಂಡು.

ಮೊದಲು ಸುಪ್ರಭಾತ. ಅದು ಮುಗಿಯುವವರೆಗೆ ಯಾರೂ ಜೋರಾಗಿ ಹೆಜ್ಜೆ ಹಾಕುವಂತಿಲ್ಲ. “ದೇವ್ರನ್ನೇ ಅಷ್ಟು ನಿಧಾನಕ್ಕೆ ಎಬ್ಬಿಸ್ತಾರೆ, ನಿನ್ ಮಂಡಿ ಏನ್ ದೇವ್ರಿಗಿಂತ ದೊಡ್ಡದಾ?” ಆಮೇಲೆ ಮೈ ಎಳೆಯುವುದಕ್ಕೆ ಸೋಬಾನೆ. ಸೋಬಾನೆ ಹೇಳುವವರು ಎಲ್ಲಿಯವರೆಗೆ ರಾಗ ಎಳೆಯುತ್ತಾರೋ ಅಲ್ಲಿಯವರೆಗೆ ಕೈ ಎಳೆಯಬೇಕು, ಅವರು ಉಸಿರು ತೆಗೆದುಕೊಂಡಾಗ ನಾವು ಬಿಡಬೇಕು. ಬೆವರಿಳಿದ ಮೇಲೆ ವಚನ. ವಚನ ಕೇಳಿದರೆ ಅಹಂಕಾರವೂ ಇಳಿಯುತ್ತದೆ, ನಾಡಿ ಬಡಿತವೂ ಇಳಿಯುತ್ತದೆ ಎಂದು ಅತ್ತೆಯ ಸಿದ್ಧಾಂತ. ನಡುವೆ, ರಭಸದ ನಡಿಗೆಗೆ ಮಾತ್ರ ತಮಟೆ. ಒಂದು ದಿನ ಹೀಗೆ ತಮಟೆ ಹಾಕಿಕೊಂಡು ದಂಡು ನುಗ್ಗುತ್ತಿದ್ದಾಗ ಮುಂದೆ ಹೋಗುತ್ತಿದ್ದ ಹಿರಿಯರೊಬ್ಬರು ಸದ್ದು ಕೇಳಿ ಪಕ್ಕಕ್ಕೆ ಸರಿದು, ಟೋಪಿ ತೆಗೆದು, ಕೈಮುಗಿದು ನಿಂತುಬಿಟ್ಟರು.

“ಯಾರಮ್ಮ ಹೋದ್ರು?” ಎಂದು ಮೆಲ್ಲಗೆ ಕೇಳಿದರು.

“ಯಾರೂ ಹೋಗಿಲ್ಲ ಸಾರ್, ನಾವೇ ಹೋಗ್ತಿರೋದು” ಎಂದು ಅತ್ತೆ ಹೆಜ್ಜೆ ತಪ್ಪಿಸದೆ ಹೋದಳು.

ಇಲ್ಲಿಯವರೆಗೆ ಎಲ್ಲ ನಗೆಚಾಟಿಕೆಯಾಗಿಯೇ ಇತ್ತು. ಹೋದ ವರ್ಷ ಕಾರ್ತಿಕದಲ್ಲಿ ಒಂದು ಬೆಳಗ್ಗೆ ಅಪ್ಪನ ಕೈಯಿಂದ ಕಾಫಿ ಲೋಟ ಜಾರಿತು. ಲೋಟ ಎತ್ತಿಕೊಳ್ಳಲು ಬಗ್ಗಿದ ಅಪ್ಪ ಮೇಲೇಳಲಿಲ್ಲ. ಲಕ್ವ. ಬಲಗೈ, ಬಲಗಾಲು ಎರಡೂ ಅವನ ಮಾತು ಕೇಳುವುದನ್ನು ಬಿಟ್ಟವು. ಪುಣ್ಯಕ್ಕೆ ನಾಲಿಗೆ ಉಳಿಯಿತು. ಅಪ್ಪನ ಬೈಗುಳದಲ್ಲಿ ಒಂದಕ್ಷರವೂ ಊನವಾಗಲಿಲ್ಲ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಖಡಾಖಂಡಿತವಾಗಿ ಹೇಳಿದರು: ಮುಂದಿನ ಕೆಲವು ತಿಂಗಳೇ ಮುಖ್ಯ, ಈಗ ವ್ಯಾಯಾಮ ಮಾಡಿಸಿದರೆ ನಡೆದಾರು, ಮಲಗಿಸಿಬಿಟ್ಟರೆ ಕಾಲು ಅಲ್ಲೇ ಮಲಗಿಬಿಡುತ್ತದೆ, ಕೈಯಂತೂ ಕಾಲಿಗಿಂತ ನಿಧಾನ.

ನಮ್ಮಪ್ಪ ಕುಣಿಗಲ್ಲಿನಿಂದ ಹುಲಿಯೂರುದುರ್ಗಕ್ಕೆ ಸರ್ಕಾರಿ ಬಸ್ಸು ಓಡಿಸಿ ರಿಟೈರಾದವನು. ಬ್ರೇಕು, ಆಕ್ಸಿಲರೇಟರು ಎರಡನ್ನೂ ತುಳಿದದ್ದು ಇದೇ ಬಲಗಾಲು. ಇಡೀ ಸರ್ವಿಸ್ಸಿನಲ್ಲಿ ಒಂದು ಕೋಳಿಯನ್ನೂ ಸಾಯಿಸದ ಕಾಲು ಅದು! ಅದು ಈಗ ಮಂಚದ ಮೇಲೆ ಯಾರದೋ ಸಾಮಾನಿನಂತೆ ಬಿದ್ದಿರುವುದನ್ನು ನೋಡಲಾರದೆ ಅಪ್ಪ ಗೋಡೆ ಕಡೆ ತಿರುಗಿ ಮಲಗಿದ.

“ಗಾಡಿ ಸೈಡಿಗಾಯ್ತು, ಬುಡ್ರಲಾ. ಇನ್ನೇನಿದ್ರೂ ಗುಜರಿಗೆ.”

ಫಿಸಿಯೋಥೆರಪಿಗೆ ಅಂತ ದಿನಾ ಮನೆಗೆ ಬರಲು ಒಬ್ಬ ಹುಡುಗಿಯನ್ನು ಗೊತ್ತುಮಾಡಿದೆವು. ಒಳ್ಳೆಯ ಹುಡುಗಿ, ತಾಳ್ಮೆಯವಳು. ಆದರೆ ಕಾಲೆತ್ತಿ ಅಂಕಲ್ ಅಂದರೆ ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆಗ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುಮನೆಯಲ್ಲಿ ನಿಂತು ಸಾರಿದಳು.

“ಅಣ್ಣಯ್ಯನ್ ಕಾಲಿಗೆ ಅಂತ ಯಾವ್ದೋ ಒಂದ್ ಹಾಡು ಇದ್ದೇ ಇರ್ತದೆ. ಅದ್ನ ಹುಡುಕೋದು ನನ್ ಕೆಲ್ಸ. ನೀವೆಲ್ಲ ಸುಮ್ನಿರಿ.”

ಅಮ್ಮ ನನ್ನ ಮುಖ ನೋಡಿದಳು. ನಾನು ಅಮ್ಮನ ಮುಖ ನೋಡಿದೆ. ಇಬ್ಬರ ಹೆದರಿಕೆಗೂ ಕಾರಣವಿತ್ತು. ಮೊದಲನೆಯದಾಗಿ, ಅಪ್ಪನಿಗೆ ಹಾಡೆಂದರೆ ಆಗುವುದಿಲ್ಲ. ಮದುವೆ ದಿಬ್ಬಣದ ಬಸ್ಸಿನಲ್ಲೂ ಹಾಡಕೂಡದು ಎಂದು ಹೆಣ್ಣಿನ ಕಡೆಯ ಮುತ್ತೈದೆಯರನ್ನೆಲ್ಲ ಬಾಯಿಮುಚ್ಚಿಸಿ ಕೂರಿಸಿದವನು ಅವನು. ‘ಹಾಡು ಕಿವಿಗ್ ಬಂದ್ರೆ ರೋಡು ಕಣ್ಣಿಂದ ಹೋಯ್ತದೆ’ ಅನ್ನುವುದು ಅವನ ಗಾದೆ. ಎರಡನೆಯದಾಗಿ, ಅತ್ತೆ ಹಾಡು ಆರಿಸಿದ ಕಡೆಯೆಲ್ಲ ಹಿಂದೆ ಏನೇನಾಗಿತ್ತು ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೆವು. ಎರಡು ಪ್ರಸಂಗ ಹೇಳುತ್ತೇನೆ, ನೀವೇ ತೀರ್ಮಾನಿಸಿ.

ಹಿಂದೊಮ್ಮೆ ನಾನು ಹೊಟ್ಟೆ ಕರಗಿಸುವ ಆವೇಶದಲ್ಲಿ ಜಿಮ್ಮಿಗೆ ಸೇರಿದ್ದೆ. ನನ್ನನ್ನು ನೋಡಲು ಅತ್ತೆ ಬಂದಳು. ಅಲ್ಲಿ ಧಡಬಡ ಇಂಗ್ಲಿಷ್ ಹಾಡು. ಅತ್ತೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು.

“ಏನಂತಾವ್ನ್ಲಾ ಇವ್ನು?”

“ಗೊತ್ತಿಲ್ಲತ್ತೆ.”

“ಏನಂತಾವ್ನೆ ಅಂತ್ಲೇ ಗೊತ್ತಿಲ್ದೆ ಅಷ್ಟ್ ಭಾರ ಎತ್ತೀಯಲ್ಲ, ಅವ್ನು ಇಳಿಸು ಅಂತಿದ್ರೆ?”

ಕೋಚ್ ಎನ್ನಿಸಿಕೊಂಡವನು ನಕ್ಕು, ಹಾಗಿದ್ದರೆ ನೀವೇ ಒಂದು ಹಾಕಿ ಆಂಟಿ ಅಂದ. ಹಾಗನ್ನಬಾರದಿತ್ತು. ಅತ್ತೆ ತನ್ನ ಸ್ಪೀಕರಿನಲ್ಲಿ ವೀರಗಾಸೆಯ ವಾದ್ಯ ಹಾಕಿದಳು. ಮೊದಲೆರಡು ನಿಮಿಷ ನೋಡಬೇಕಿತ್ತು! ಗೋಣಿಚೀಲ ಎತ್ತಲಾರದವರೂ ಕಬ್ಬಿಣವನ್ನು ಹೂವಿನಂತೆ ಎತ್ತಿದರು. ಆದರೆ ಮೂಲೆಯಲ್ಲಿದ್ದ ಆಜಾನುಬಾಹು ಹುಡುಗನೊಬ್ಬ ತೂಕವನ್ನು ಕೆಳಗಿಟ್ಟು, ಶೂ ಬಿಚ್ಚಿ, ಕೈಗವಸು ಬಿಚ್ಚಿ, ಕಣ್ಣುಮುಚ್ಚಿ ನಿಂತ. ಅವರ ಮನೆದೇವರು ವೀರಭದ್ರನಂತೆ. “ದೇವ್ರ ವಾದ್ಯ ಆಗ್ತಿರೋವಾಗ ಶೂ ಹಾಕ್ಕಂಡಿರಕ್ಕಾಯ್ತದಾ ಸಾರ್?” ಅಂದ. ಅವನನ್ನು ನೋಡಿ ಪಕ್ಕದವನು ಬಿಚ್ಚಿದ, ಅವನನ್ನು ನೋಡಿ ಇನ್ನೊಬ್ಬ. ಶೂ ಇಲ್ಲದವರಿಗೆ ಪ್ರವೇಶವಿಲ್ಲ ಎಂದು ಬೋರ್ಡು ತಗುಲಿಸಿದ್ದ ಕೋಚ್ ಕೂಡ ಬರಿಗಾಲಲ್ಲಿ ನಿಂತ. ಕೊನೆಗೆ ಯಾರೋ ಓಡಿಹೋಗಿ ತೆಂಗಿನಕಾಯಿ ತಂದರು. ಅದನ್ನು ಡಂಬೆಲ್ಲಿನಿಂದ ಒಡೆದೆವು. ಅವತ್ತು ಜಿಮ್ಮಿನಲ್ಲಿ ಎಲ್ಲರೂ ಕಾಯಿಚೂರು ತಿಂದು ಮನೆಗೆ ಹೋದೆವು.

ಎರಡನೆಯದು ಕುಣಿಗಲ್ಲಿನ ಛತ್ರವೊಂದರಲ್ಲಿ, ನಮ್ಮ ನೆಂಟರ ಮದುವೆಯಲ್ಲಿ ಆದದ್ದು. ಮದುವೆಯೆಂದು ಅತ್ತೆ ಬಸ್ಕಿ ತಪ್ಪಿಸುವವಳಲ್ಲ. ಮಹಡಿಯ ರೂಮಿನ ಬಾಗಿಲು ಹಾಕಿಕೊಂಡು, ರೇಷ್ಮೆ ಸೀರೆ ಎತ್ತಿಕಟ್ಟಿ, ಬಸ್ಕಿ ಹೊಡೆಯುತ್ತಿದ್ದಳು. ಕೊನೆಯ ಸುತ್ತಿಗೆ ಅವಳು ಆರಿಸಿಟ್ಟುಕೊಂಡದ್ದು ಯಾವುದು ಗೊತ್ತೆ? ಗಟ್ಟಿಮೇಳ! “ಗಟ್ಟಿಮೇಳ ಅಂದ್ರೆ ಇನ್ನು ಹಿಂದುಕ್ ಹೋಗಂಗಿಲ್ಲ ಅಂತ ಅರ್ಥ. ಕೊನೇ ಬಸ್ಕಿಗೆ ಅದ್ಕಿಂತ ಬೇಕಾ?” ಎಂಬುದು ಅವಳ ವಾದ. ವಾದ ಸರಿಯೇ, ಆದರೆ ಕಿಟಕಿ ತೆರೆದಿತ್ತು.

ಕೆಳಗೆ ತಾಳಿ ಇನ್ನೂ ತಟ್ಟೆಯಲ್ಲಿತ್ತು. ಹಿರಿಯರೆಲ್ಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಲಿ ಎಂದು ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ಮೇಲಿಂದ ಗಟ್ಟಿಮೇಳ ಮೊಳಗಿದ್ದೇ ತಡ, ತೂಕಡಿಸುತ್ತಿದ್ದ ವಾಲಗದವರು ಬೆಚ್ಚಿಬಿದ್ದು, ತಮಗಿಂತ ಮೊದಲು ಶುರುವಾಯಿತಲ್ಲ ಎಂಬ ಗಾಬರಿಯಲ್ಲಿ ತಾವೂ ಊದತೊಡಗಿದರು. ವಾಲಗದವರೇ ಊದಿದ ಮೇಲೆ ಜನ ಬಿಡುತ್ತಾರೆಯೆ? ಇಡೀ ಛತ್ರ ಎದ್ದು ನಿಂತು ಅಕ್ಷತೆ ಎರಚಿತು. ತಾಳಿ ಎಲ್ಲಿದೆಯೋ ಅಲ್ಲಿಗೆ ಎರಚಬೇಕಲ್ಲ! ತಾಳಿ ಆಗ ಮೂರನೇ ಸಾಲಿನ ಅಜ್ಜಿಯೊಬ್ಬರ ಕೈಯಲ್ಲಿತ್ತು. ಅಜ್ಜಿ ತಲೆಯ ಮೇಲಿನ ಅಕ್ಕಿ ಕೊಡವಿಕೊಳ್ಳುತ್ತಾ, “ನಂಗ್ಯಾಕ್ರಪ್ಪ ಇನ್ನೊಂದ್ ಸತಿ? ಒಂದೇ ಸಾಕಾಗೈತೆ” ಅಂದರು. ನಿಜವಾದ ಗಟ್ಟಿಮೇಳದ ಹೊತ್ತಿಗೆ ಯಾರ ಕೈಯಲ್ಲೂ ಅಕ್ಷತೆ ಉಳಿದಿರಲಿಲ್ಲ. ಅಡುಗೆಯವರು ಅನ್ನಕ್ಕೆಂದು ತೊಳೆದಿಟ್ಟ ಅಕ್ಕಿಯನ್ನೇ ತಂದು ಹಂಚಿದರು. ಗಂಡಿನ ಕೋಟಿಗೆ ಅಂಟಿದ ಅಕ್ಕಿಯನ್ನು ಮಾರನೆಯ ದಿನವೂ ಕೆರೆಯುತ್ತಿದ್ದರಂತೆ.

ಇಂಥವಳ ಕೈಗೆ ಅಪ್ಪನ ಕಾಲು ಹೋಯಿತು.

ಮೊದಲ ದಿನ ಅತ್ತೆ ಭಜನೆ ಹಾಕಿದಳು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮಂಡಿ ಮಡಿಸುವ ವ್ಯಾಯಾಮ, ಭಜನೆಯ ಹಾಗೆ ಹೋಗಿ ಬಂದು ಹೋಗಿ ಬಂದು ಮಾಡಬೇಕು ಅಂತ. ಮೂರನೆಯ ಸಾಲಿಗೆ ಅಪ್ಪ ಗೊರಕೆ ಹೊಡೆದ. ಸೋಬಾನೆ ಹಾಕಿದರೆ “ಯಾರ್ ಮನೆ ಮದ್ವೆ? ಆಫ್ ಮಾಡಮ್ಮಿ” ಅಂದ. ಅತ್ತೆ ಗುಬ್ಬಿಯ ಗಾಳಿ ಕುಡಿದವಳಲ್ಲವೆ, ಅಲ್ಲಿಂದ ಪೌರಾಣಿಕ ನಾಟಕದ ಪದಗಳನ್ನು ತರಿಸಿದಳು. ಗದೆ ಹಿಡಿದ ಪಾತ್ರದವನೊಬ್ಬ ‘ಏಳು, ಎದ್ದೇಳು’ ಎಂಬರ್ಥದ ಪದವನ್ನು ಹಾರ್ಮೋನಿಯಂ ಹರಿಯುವಂತೆ ಹಾಡಿದ. ಅಪ್ಪ ಪೂರ್ತಿ ಕೇಳಿದ. ನಮಗೆ ಆಸೆ ಹುಟ್ಟಿತು.

“ಅವ್ನ ಕೈಲಿ ಗದೆ ಐತೆ, ಅವ್ನು ಎದ್ದೇಳ್ತಾನೆ. ನನ್ ಕೈಲಿ ಏನೈತಮ್ಮಿ?” ಎಂದು ಮತ್ತೆ ಗೋಡೆ ಕಡೆ ತಿರುಗಿದ.

ಕೊನೆಗೆ ತಮಟೆ. ಇದನ್ನು ಹಾಕಬೇಡವೆಂದು ನಾನು ಕಣ್ಸನ್ನೆ ಮಾಡಿದೆ. ಅತ್ತೆ ಕೇಳಲಿಲ್ಲ. ತಮಟೆ ಶುರುವಾಗುತ್ತಲೇ ಅಪ್ಪ ನಿಧಾನವಾಗಿ ಈಚೆ ತಿರುಗಿದ.

“ಏನಮ್ಮಿ, ಈಗ್ಲೇ ಎತ್ಕಂಡೋಗಕ್ ಬಂದ್ಬುಟ್ರಾ?”

ಅಪ್ಪ ತಮಾಷೆಗೇ ಹೇಳಿದ್ದು. ಆದರೆ ಅತ್ತೆ ತಮಟೆ ನಿಲ್ಲಿಸದೆಯೇ ಎದ್ದು ಹೋದಳು. ನಾನೇ ಆಫ್ ಮಾಡಿದೆ. ಅಡುಗೆಮನೆಗೆ ಹೋಗಿ ನೋಡಿದರೆ ಅತ್ತೆ ಸಿಂಕಿನ ಮುಂದೆ ನಿಂತು, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. “ಎಲ್ಲಾ ಹಾಡೂ ಮುಗೀತು ಅತ್ಗೆ, ಇನ್ಯಾವ್ದ್ ಹಾಕ್ಲಿ? ಅವ್ನು ಏಳ್ದೇ ಇದ್ರೆ ನಾನೇನ್ ಮಾಡ್ಲಿ?” ಎಂದು ಅಮ್ಮನನ್ನು ಕೇಳಿದಳು. ಅಮ್ಮ ಅವಳ ಕೈಯಿಂದ ಲೋಟ ತೆಗೆದುಕೊಂಡು ಒರೆಸತೊಡಗಿದಳು.

ಅದಾದ ಮೇಲೆ ಅತ್ತೆ ಸ್ಪೀಕರಿಲ್ಲದೆ ಬಂದು ಸುಮ್ಮನೆ ಮಂಚದ ಹತ್ತಿರ ಕೂರತೊಡಗಿದಳು. ಹೀಗಿರುವಾಗ ಒಂದು ಬೆಳಗ್ಗೆ ಫಿಸಿಯೋ ಹುಡುಗಿ ಅಪ್ಪನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದಳು. ಕಿಟಕಿಯ ಕಡೆಗೆ ಮುಖ. ಕಾಲೆರಡೂ ನೆಲದ ಮೇಲೆ. ಪಾದ ಒತ್ತಿ ಅಂಕಲ್ ಅಂದಳು. ಅಪ್ಪ ಬೇಕೆಂದೇ ಗಟ್ಟಿಯಾಗಿದ್ದ ಎಡಗಾಲನ್ನು ಒತ್ತಿದ.

“ಅದಲ್ಲ ಅಂಕಲ್, ಲೆಫ್ಟ್ ಬೇಡ. ರೈಟ್. ರೈಟ್...”

ಅಪ್ಪನ ಬಲಪಾದ ಅದುರಿತು. ಹೆಬ್ಬೆರಳಿನ ಕಡೆ ಮುಂಗಾಲು ಮೆಲ್ಲಗೆ ನೆಲವನ್ನು ಒತ್ತಿತು. ಅಪ್ಪ ಒತ್ತಿದ್ದಲ್ಲ. ಅವನು ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಕಾಲು ತಾನಾಗಿ ಒತ್ತಿತು.

ಹುಡುಗಿ ಗುಡ್ ಅಂಕಲ್ ಎಂದು ಮುಂದಿನದಕ್ಕೆ ಹೊರಟಳು. ಅತ್ತೆ ಅವಳ ಕೈ ಹಿಡಿದುಕೊಂಡಳು.

“ಈಗ್ ಏನಂದೆ, ಇನ್ನೊಂದ್ ಸತಿ ಅನ್ನವ್ವ.”

“ರೈಟ್ ಲೆಗ್ ಅಂತ ಹೇಳಿದೆ ಆಂಟಿ.”

“ಲೆಗ್ಗು ಪಗ್ಗು ಬೇಡ. ಮೊದ್ಲಂದ್ಯಲ್ಲ, ಎರಡ್ ಸತಿ, ಹಂಗನ್ನು.”

“ರೈಟ್, ರೈಟ್.”

ಪಾದ ಮತ್ತೆ ಒತ್ತಿತು! ನಮ್ಮ ಕಡೆ ಬಸ್ಸು ಡೀಸೆಲ್ಲಿನಿಂದ ಓಡುತ್ತದೆ ಎಂದು ನಂಬಿದವರು ದಡ್ಡರು. ಕಂಡಕ್ಟರು ‘ರೈಟ್ ರೈಟ್’ ಅಂದರೆ ಓಡುತ್ತದೆ, ‘ಹೋಲ್ಡಾನ್’ ಅಂದರೆ ನಿಲ್ಲುತ್ತದೆ. ಅವನು ಸೀಟಿ ಎರಡು ಹೊಡೆದರೂ ಹೊರಡು ಅಂತಲೇ, ಒಂದು ಹೊಡೆದರೆ ನಿಲ್ಲು. ಅಪ್ಪನ ಬಲಗಾಲು ಇಡೀ ಆಯಸ್ಸು ಕೇಳಿಕೊಂಡು ಬಂದದ್ದು ಇದೊಂದನ್ನೇ. ಆ ಹುಡುಗಿ ಹೇಳಿದ್ದು ಬಲಗಾಲು ಅಂತ. ಕಾಲಿಗೆ ಕೇಳಿಸಿದ್ದು ಗಾಡಿ ಬಿಡು ಅಂತ. ಹಾಡು ಸಿಕ್ಕಿತ್ತು!

ಅತ್ತೆ ಅವತ್ತೇ ಪೇಟೆಗೆ ಹೋಗಿ ಸೀಟಿ ತಂದಳು. ಅಪ್ಪನ ಬೆನ್ನ ಹಿಂದೆ, ಕಂಡಕ್ಟರು ನಿಲ್ಲುವ ದೂರದಲ್ಲಿ ನಿಂತು, ಹೆಗಲಿಗೊಂದು ವ್ಯಾನಿಟಿ ಬ್ಯಾಗು ಇಳಿಬಿಟ್ಟುಕೊಂಡು ಶುರುಮಾಡಿದಳು.

“ಯಾರ್ರೀ ದುರ್ಗ, ದುರ್ಗ, ಹುಲಿಯೂರ್ದುರ್ಗ! ಹತ್ತಿ ಹತ್ತಿ, ಒಳಗೆ ಜಾಗ ಐತೆ. ರೈಟ್ ರೈಟ್!”

ಅಪ್ಪ ಮೊದಲು ಮುಖ ಗಂಟಿಕ್ಕಿದ. ಮಕ್ಳಾಟ ಆಡಿಸ್ತೀಯೇನಮ್ಮಿ ಎಂದು ಗದರಿದ. ಆದರೆ ಕಾಲು ಅವನ ಮಾತಿಗೆ ಕಾಯದೆ ಒತ್ತುತ್ತಿತ್ತು. ಮಾಲೀಕ ಬೇಡವೆಂದರೂ ಕೆಲಸಕ್ಕೆ ಬರುವ ಹಳೆಯ ಆಳಿನ ಹಾಗೆ. ಅತ್ತೆ ಒಂದು ಸೀಟಿ ಹೊಡೆದು ಹೋಲ್ಡಾನ್ ಅಂದರೆ ಪಾದ ಮೇಲಕ್ಕೆ ಬರಲು ಹೆಣಗುತ್ತಿತ್ತು. ಕೆಲವು ದಿನ ಹೀಗೇ ಹೋಯಿತು. ಆಮೇಲೊಂದು ದಿನ ಅತ್ತೆ ರೈಟ್ ಅಂದದ್ದೇ ಅಪ್ಪ ತಿರುಗಿ ನೋಡದೆ ಕೂಗಿದ.

“ರೀ ಕಂಡಕ್ಟ್ರೇ! ಹೆಣ್ಮಗ್ಳು ಇನ್ನೂ ಮೆಟ್ಲ್ ಮೇಲವ್ಳೆ, ರೈಟ್ ಅಂದ್ಬುಟ್ರಲ್ಲ, ಕಣ್ ಕಾಣಕಿಲ್ವಾ?”

ಅಮ್ಮ ಆಗ ಕಾಫಿ ಹಿಡಿದು ಹೊಸಿಲ ಮೇಲೆ ನಿಂತಿದ್ದಳು. ಗಾಡಿ ಸೈಡಿಗಾಯಿತೆಂದು ಮಲಗಿದ್ದ ಮನುಷ್ಯ ಗಾಡಿ ಹತ್ತಿದ್ದ. ಅತ್ತೆ “ಸಾರಿ ಡ್ರೈವರ್ ಸಾಹೇಬ್ರೇ, ತಪ್ಪಾಯ್ತು” ಎಂದು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಸೀಟಿ ಊದಿದಳು.

ಅಲ್ಲಿಂದ ನಮ್ಮ ಮನೆಯೊಂದು ರೂಟಾಯಿತು. ಮಂಚ ಕುಣಿಗಲ್ ಬಸ್‌ಸ್ಟ್ಯಾಂಡು. ಗೇಟು ಹುಲಿಯೂರುದುರ್ಗ. ಎದ್ದು ನಿಲ್ಲುವುದೆಂದರೆ ಗಾಡಿ ಸ್ಟಾರ್ಟು. ಬಲಗೈ ಇನ್ನೂ ಏಳುತ್ತಿರಲಿಲ್ಲವಾದ್ದರಿಂದ ಊರುಗೋಲನ್ನು ಎಡಗೈಯಲ್ಲಿ ಹಿಡಿಯಬೇಕಿತ್ತು. ಕೋಲು ಹಿಡಿದು ನಡೆಯುವುದು ಅವಮಾನ ಎಂದು ಅಪ್ಪ ಮೊದಲು ಅದನ್ನು ತಳ್ಳಿಬಿಟ್ಟಿದ್ದ. ಅತ್ತೆ ಹೇಳಿದ್ದು ಒಂದೇ ಮಾತು: “ಗೇರ್ ಯಾವ್ ಕೈಲಿ ಹಾಕ್ತಿದ್ದೆ ಅಣ್ಣಯ್ಯ?” ಅಪ್ಪ ಕೋಲಿಗೆ ಎಡಗೈ ಚಾಚಿದ. ಆಮೇಲೆ ಅದನ್ನು ಕೋಲು ಎಂದು ಕರೆಯಲು ಮನೆಯಲ್ಲಿ ಯಾರಿಗೂ ಅನುಮತಿಯಿರಲಿಲ್ಲ.

ನಾನು ಪ್ಯಾಸೆಂಜರ್. ಬಿದ್ದರೆ ಹಿಡಿಯಲೆಂದು ಅಪ್ಪನ ಹಿಂದೆಯೇ ನಡೆಯುವ ಕೆಲಸ. “ಒಳಿಕ್ ಹೋಗ್ರೀ, ಬಾಗ್ಲಲ್ಲಿ ನಿಲ್ಬೇಡ್ರೀ, ಹೊಟ್ಟೆ ಒಳಿಕ್ ಎಳ್ಕಳಿ” ಎಂದು ಅತ್ತೆ ನನ್ನನ್ನು ದಿನಾ ಗದರುತ್ತಿದ್ದಳು. ಫಿಸಿಯೋ ಹುಡುಗಿ ಮೊದಮೊದಲು ನಕ್ಕಳು, ಆಮೇಲೆ ತಾನೂ ಸೀಟಿ ಹೊಡೆಯುವುದನ್ನು ಕಲಿತಳು. ಪಾದ ಹೇಗೆ ಇಡಬೇಕು, ಸೊಂಟ ಎಷ್ಟು ತಿರುಗಬೇಕು ಎಂದು ಅವಳು ಹೇಳುವುದು, ಅದನ್ನು ಅತ್ತೆ ಬಸ್ಸಿನ ಭಾಷೆಗೆ ಇಳಿಸುವುದು. ‘ತೂಕ ಬಲಗಡೆ ಹಾಕಿ’ ಅನ್ನುವುದು ‘ಟರ್ನಿಂಗ್ ಐತೆ’ ಆಯಿತು. ‘ನಿಧಾನ’ ಅನ್ನುವುದು ‘ಹಂಪ್ಸ್’ ಆಯಿತು. ಎದುರು ಮನೆಯವರು ಬಂದು, ಇಲ್ಲಿಗೂ ಸಿಟಿ ಬಸ್ ಬಿಟ್ಟರಾ ಎಂದು ವಿಚಾರಿಸಿಕೊಂಡು ಹೋದರು.

ಯುಗಾದಿಯ ಹೊತ್ತಿಗೆ ಅಪ್ಪ ಹುಲಿಯೂರುದುರ್ಗ ಮುಟ್ಟಿದ. ಅಂದರೆ ಗೇಟು! ಗೇಟಿನ ಕಂಬ ಹಿಡಿದು ನಿಂತು ಉಸಿರು ಬಿಡುತ್ತಾ, “ಟೈಮ್‌ಗೆ ಬಂದ್ವಾ ಕಂಡಕ್ಟ್ರೇ?” ಎಂದು ಕೇಳಿದ. ಅಮ್ಮ ಬೇವುಬೆಲ್ಲ ಬಾಯಿಗಿಟ್ಟಳು. ಬೇವೇ ಹೆಚ್ಚಾಗಿತ್ತು, ಆದರೂ ಅಪ್ಪ ಚಪ್ಪರಿಸಿಕೊಂಡು ತಿಂದ.

ಮಳೆಗಾಲಕ್ಕೆ ಮೊದಲೇ ಸವಾರಿ ದೊಡ್ಡ ರಸ್ತೆಗೆ ಬಂತು. ಮುಂದೆ ಅಪ್ಪ, ಹಿಂದೆ ಸೀಟಿ ಹಿಡಿದ ಅತ್ತೆ, ಅವಳ ಹಿಂದೆ ಹೊಟ್ಟೆ ಒಳಕ್ಕೆಳೆದುಕೊಂಡ ನಾನು. ಒಂದು ದಿನ ರಸ್ತೆ ದಾಟುವ ಮುನ್ನ ಅತ್ತೆ ಅಪ್ಪನನ್ನು ನಿಲ್ಲಿಸಲು ಒಂದು ಸೀಟಿ ಹೊಡೆದಳು. ಅಪ್ಪ ನಿಂತ. ಅವನ ಜೊತೆಗೆ, ಸರಕ್ಕನೆ ಬ್ರೇಕು ಹಾಕಿಕೊಂಡು, ಎದುರಿಗೆ ಬರುತ್ತಿದ್ದ ನಿಜವಾದ ಸಿಟಿ ಬಸ್ಸೂ ನಿಂತಿತು! ಯಾರು ಹೊಡೆದರೇನು, ಸೀಟಿ ಸೀಟಿಯೇ. ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಕಂಡಕ್ಟರನ್ನು ಹುಡುಕುತ್ತಿದ್ದ. ಅಪ್ಪ ಗಂಭೀರವಾಗಿ ಅವನ ಕಡೆ ತಿರುಗಿದ.

“ನಿಂಗಲ್ಲ ಕಣಪ್ಪ, ನಂಗೆ. ನೀನ್ ಹೋಗು.”

ಡ್ರೈವರಿಗೆ ಏನು ಅರ್ಥವಾಯಿತೋ. ಕೋಲು ಹಿಡಿದ ಅಪ್ಪನನ್ನು, ಸೀಟಿ ಹಿಡಿದ ಅತ್ತೆಯನ್ನು ನೋಡಿದ. ಹೋಗದೆ, ಅಪ್ಪನೇ ಮೊದಲು ದಾಟಲಿ ಎಂದು ಕೈ ತೋರಿಸಿದ. ಹಿಂದೆ ಆಟೋಗಳು ಹಾರ್ನ್ ಮಾಡುತ್ತಿದ್ದವು. ಅತ್ತೆ ಎರಡು ಸೀಟಿ ಊದಿದಳು. ಇಡೀ ಬಸ್ಸು ಕಾದು ನಿಂತಿರಲು ನಮ್ಮಪ್ಪ ತುಮಕೂರಿನ ರಸ್ತೆಯನ್ನು ರಾಜನ ಹಾಗೆ ದಾಟಿದ. ನಾನು ಅವತ್ತು ಎದೆಯುಬ್ಬಿಸಿ ನಡೆದದ್ದರಿಂದ ಹೊಟ್ಟೆ ತಾನಾಗಿಯೇ ಒಳಗೆ ಹೋಗಿತ್ತು.

ಆಮೇಲೆ ಗೌರಿ ಹಬ್ಬ ಬಂತು.

ಒಂದು ಮಾತು ಹೇಳಬೇಕು. ಗೌರಿ ಹಬ್ಬಕ್ಕೆ ತವರಿನವರು ಹೆಣ್ಣುಮಗಳಿಗೆ ಸೀರೆ ಬಳೆ ಬಾಗಿನ ಕೊಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಮಾವ ತೀರಿಕೊಂಡ ವರ್ಷ ನೆಂಟರಲ್ಲಿ ಹಿರಿಯರು ಕೆಲವರು, ಗಂಡ ಹೋದವಳಿಗೆ ಇನ್ನೆಂಥಾ ಗೌರಿ ಬಾಗಿನ ಎಂದು ಅಪ್ಪನಿಗೆ ಹೇಳಿದ್ದರು. “ಗಂಡ ಹೋದ್ರೆ ತವರೂ ಹೋಯ್ತದಾ?” ಎಂದು ಕೇಳಿದ ಅಪ್ಪ, ಆ ವರ್ಷವೂ ಬಸ್ಸು ಹಿಡಿದು ಗುಬ್ಬಿಗೆ ಹೋಗಿ ಕೊಟ್ಟು ಬಂದಿದ್ದ. ಅಲ್ಲಿಂದ ಒಂದು ಗೌರಿಯನ್ನೂ ತಪ್ಪಿಸಿಲ್ಲ. ಬೇರೆಯವರ ಕೈಯಲ್ಲಿ ಕಳಿಸಿದವನೂ ಅಲ್ಲ.

ಈ ಸಲ ಅತ್ತೆ ಹಿಂದಿನ ದಿನವೇ ಹೇಳಿ ಹೋಗಿದ್ದಳು. “ನಾಳೆ ಸೀಟಿಗೆ ರಜ. ಬಾಗ್ನ ಮಗನ್ ಕೈಲಿ ಕಳ್ಸು ಅಣ್ಣಯ್ಯ, ಹಬ್ಬದ್ ದಿನ ತ್ರಾಸ ತಗಬೇಡ.” ಅಪ್ಪ ಹೂಂ ಅಂದಿದ್ದ. ಬೆಳಗ್ಗೆ ನಾನು ಬೈಕ್ ತೆಗೆಯುವಷ್ಟರಲ್ಲಿ ನೋಡಿದರೆ ಅಪ್ಪ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಬಾಗಿನದ ಚೀಲವನ್ನು ಕತ್ತಿಗೆ ನೇತುಹಾಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ಅಮ್ಮನ ಕಣ್ಣು ನನಗೆ ಸುಮ್ಮನಿರು ಅಂದಿತು. ಸೀಟಿ ಹೊಡೆಯುವವರಿಲ್ಲ, ರೈಟ್ ಅನ್ನುವವರಿಲ್ಲ. ಅಪ್ಪ ತಾನೇ ಹೊಸಿಲು ದಾಟಿದ. ನಾವಿಬ್ಬರೂ ಸ್ವಲ್ಪ ದೂರ ಬಿಟ್ಟು ಹಿಂದೆ ನಡೆದೆವು.

ಹಿಂದಿನ ಕ್ರಾಸು ತಿರುಗಿದಾಗ ಅತ್ತೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಬಿಟ್ಟುಕೊಂಡು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದಳು. ಅಪ್ಪನನ್ನು ನೋಡಿ ಅವಳ ಕೈಯಿಂದ ರಂಗೋಲಿ ಬಟ್ಟಲು ಬಿತ್ತು. ಹಿಡಿದುಕೊಳ್ಳಲು ಓಡಿಬಂದಳು. “ನಿಂತ್ಕೊಳಮ್ಮಿ ಅಲ್ಲೇ, ನಾನೇ ಬತ್ತೀನಿ” ಅಂದ ಅಪ್ಪ. ಅತ್ತೆ ನಿಂತಳು. ಅಪ್ಪ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಅವಳ ಬಾಗಿಲಿಗೆ ಹೋದ. ಕತ್ತು ಬಗ್ಗಿಸಿ ಚೀಲ ಕೊಟ್ಟ. ಅವಳು ಅದನ್ನು ಸೆರಗೊಡ್ಡಿ ತೆಗೆದುಕೊಂಡಳು. ಬಗ್ಗಿ ಅಣ್ಣನ ಕಾಲಿಗೆ ಬಿದ್ದಳು.

ಕಾಲಿಗೆ ಬಿದ್ದವರ ತಲೆಯ ಮೇಲೆ ಕೈಯಿಡಬೇಕು. ಎಡಗೈಯಲ್ಲಿ ಆಶೀರ್ವಾದ ಮಾಡುವುದಿಲ್ಲ. ಅಪ್ಪನ ಬಲಗೈ ಅದುವರೆಗೆ ಮೈಬಿಟ್ಟು ಮುಂದಕ್ಕೆ ಬಂದಿರಲಿಲ್ಲ. ಅಪ್ಪ ಕೋಲಿನ ಮೇಲೆ ಭಾರ ಬಿಟ್ಟು ಬಗ್ಗಿ, ಆ ಕೈಯನ್ನೇ ನೋಡಿದ. ಅದು ಅದುರಿತು, ಸ್ವಲ್ಪ ಎದ್ದು ಮತ್ತೆ ಜಾರಿತು. ಅವನ ಕಣ್ಣು ತುಂಬಿದ್ದು ನನಗೆ ದೂರದಿಂದಲೇ ಕಾಣುತ್ತಿತ್ತು. ನಾನು ಹೋಗಿ ಹಿಡಿಯಲು ಹೊರಟಾಗ ಅಮ್ಮ ನನ್ನ ತೋಳು ಹಿಡಿದು ತಡೆದಳು.

ಅತ್ತೆ ಏಳಲಿಲ್ಲ. ತಲೆ ಎತ್ತದೆ, ಅಲ್ಲಿಂದಲೇ ಅಂದಳು.

“ನಿಧಾನಕ್ ಬರ್ಲಿ ಅಣ್ಣಯ್ಯ. ನಂಗೇನ್ ಅರ್ಜೆಂಟಿಲ್ಲ.”

ಕೈ ಬಂತು. ತಂಗಿಯ ಒದ್ದೆ ಕೂದಲ ಮೇಲೆ ಇಳಿದು, ತುಂಬ ಹೊತ್ತು ಅಲ್ಲೇ ಇತ್ತು.